ಅತ್ತೆಯ ನಾಯಿಗೆ ಒಪ್ಪಿದ ಲಾರಿ

ನನ್ನ ತಂದೆ ನನಗೊಂದು ಮೋಟಾರು ಕೊಡಿಸಲು ಒಪ್ಪಿದ್ದು ನನ್ನ ವಿಚಾರಗಳ ಮೇಲಿನ ಗೌರವದಿಂದಲ್ಲ, ನಮ್ಮ ಓಣಿಯ ಮೇಲಿನ ಕರುಣೆಯಿಂದ. ಪುಣೆಯ ಹೆಣ್ಣುಮಕ್ಕಳ ವಿದ್ಯಾಲಯದಲ್ಲಿ ಓದು ಮುಗಿಸಿ ಸೋಲಾಪುರಕ್ಕೆ ಮರಳಿದವಳು ಮೊದಲು ಸುಧಾರಣೆಗೆ ಎತ್ತಿಕೊಂಡಿದ್ದು ನಮ್ಮ ಓಣಿಯನ್ನೇ. ಎಳೆಯ ಹುಡುಗಿಯರ ಮದುವೆಯ ಚಪ್ಪರದೆದುರು ನಿಂತು ಕರಪತ್ರ ಹಂಚಿದೆ. ವರದಕ್ಷಿಣೆ ಪಡೆದವರ ಮನೆಯ ಊಟಕ್ಕೆ ಹೋಗಿ, ಎಲೆಯ ಮುಂದೆ ಕುಳಿತು, ಉಣ್ಣದೆ ಎದ್ದು, ಏಕೆ ಉಣ್ಣಲಿಲ್ಲವೆಂಬುದನ್ನು ಪಂಕ್ತಿಯ ನಡುವೆಯೇ ವಿವರಿಸಿದೆ. ಊರ ಹೊರಗಿನವರೆಂದು ಊರೇ ತಳ್ಳಿಹಾಕಿದವರ ಮಕ್ಕಳನ್ನು ನಮ್ಮ ಅಂಗಡಿಯ ಗಾದಿಯ ಮೇಲೆ ಕೂರಿಸಿ ಅಕ್ಷರ ತಿದ್ದಿಸಿದೆ. ಇವುಗಳಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಇಚ್ಛೆ ನನಗೆ ಇಂದಿಗೂ ಇಲ್ಲ. ಆದರೆ ನೂಲಿನ ವ್ಯಾಪಾರ ಮಾಡುವವರು ಗಿರಾಕಿಗಳ ಮುಖ ನೋಡಿ ಬದುಕಬೇಕು. ಗಾದಿಯ ಮೇಲೆ ಅಕ್ಷರ ಹುಟ್ಟತೊಡಗಿದ ಮೇಲೆ ಆ ಮುಖಗಳು ಕಡಿಮೆಯಾಗಿದ್ದವು. ಒಂದು ಬೆಳಿಗ್ಗೆ ತಂದೆ ಚಹದ ಬಟ್ಟಲನ್ನು ಕೆಳಗಿಟ್ಟು ನನ್ನನ್ನು ಕರೆದರು.

"ತಂಗಿ, ನಮ್ಮ ಓಣಿ ಬೇಕಾದಷ್ಟು ಸುಧಾರಿಸೇದ. ಇನ್ನ ಬ್ಯಾರೆ ಊರ ಮಂದಿಗೂ ಸ್ವಲ್ಪ ಪುಣ್ಯಾ ಸಿಗಲಿ. ಒಂದು ಜುನಾ ಮೋಟಾರ ಕೊಡಸ್ತೀನಿ. ಹಳ್ಳಿ ಹಳ್ಳಿ ತಿರಗು. ದೂರಿನ ಹಳ್ಳಿ ಇದ್ರ ಇನ್ನೂ ಚಲೋ."

ಜುನಾ ಮೋಟಾರು, ಅಂದರೆ ಒಬ್ಬರು ಬಳಸಿ ಬಿಟ್ಟದ್ದು. ಆಗ ನನ್ನ ಕಣ್ಣಿಗೆ ಕಟ್ಟಿದ್ದು ಒಂದು ಚಿಕ್ಕ ಕಾರು. ಅದರಲ್ಲಿ ನಾನು, ಕರಪತ್ರಗಳ ಗಂಟು, ಗೋಡೆಯ ಮೇಲೆ ಚಿತ್ರ ಬೀಳಿಸುವ ಮ್ಯಾಜಿಕ್ ಲಾಂದ್ರ, ಇಷ್ಟೇ. ಆ ಚಿಕ್ಕ ಕಾರನ್ನು ಲಾರಿಯಷ್ಟು ದೊಡ್ಡದು ಮಾಡಿದವರು ನನ್ನ ಅತ್ತೆ ಮತ್ತು ಅತ್ತೆಯ ನಾಯಿ.

ಅತ್ತೆ ನನ್ನ ತಂದೆಯ ಅಕ್ಕ. ಹಾಲುಹಲ್ಲು ಬಿದ್ದು ಮುಗಿಯುವ ಮೊದಲೇ ಅವಳ ಮದುವೆಯಾಗಿತ್ತು, ಬಿದ್ದ ಹಲ್ಲು ಮತ್ತೆ ಹುಟ್ಟುವಷ್ಟರಲ್ಲಿ ವಿಧವೆಯಾಗಿದ್ದಳು. ಗಂಡನೆಂಬವನು ಹೇಗಿದ್ದನೆಂದು ಕೇಳಿದರೆ, "ಮೂಗ ಸೋರ್ತಿತ್ತು" ಎಂಬುದಷ್ಟೇ ಅವಳ ನೆನಪು. ಆ ಸೋರುವ ಮೂಗಿನ ಕಾರಣಕ್ಕೆ ಅವಳಿಗೆ ಜೀವನವಿಡೀ ಕುಂಕುಮವಿಲ್ಲ, ಬಳೆಯಿಲ್ಲ, ಅರಿಶಿನ ಮುಟ್ಟುವ ಅಧಿಕಾರವಿಲ್ಲ. ಸಾರಿಗೆ ಅರಿಶಿನ ಬೇಕಾದಾಗ ಸಹ ಚಮಚದ ತುದಿಯಿಂದ, ಕೈಗೆ ತಾಗದಂತೆ, ವಿಷ ಅಳೆಯುವ ವೈದ್ಯನ ಹಾಗೆ ಹಾಕುತ್ತಿದ್ದಳು. ಇದನ್ನು ನಾನು ಅನ್ಯಾಯವೆಂದು ಹತ್ತಾರು ಸಭೆಗಳಲ್ಲಿ ಹೇಳಿದ್ದೇನೆ. ಅತ್ತೆ ಒಂದು ಸಭೆಗೂ ಬಂದವಳಲ್ಲ. "ನನ್ನ ಕಥಿ ನನಗ್ಯಾಕ ಹೇಳ್ತಿ?" ಎನ್ನುತ್ತಿದ್ದಳು.

ನಮ್ಮ ಮೂಲ ಊರು ಭಂಡಾರಕವಠೆ, ಭೀಮಾ ನದಿಯ ದಂಡೆಯ ದೊಡ್ಡ ಹಳ್ಳಿ. ಆ ನದಿಯಲ್ಲಿ ಗಂಡುಹುಡುಗರಿಗೆ ಸರಿಸಮನಾಗಿ ಈಜಿದ್ದವಳು, ಮನೆತನ ವ್ಯಾಪಾರಕ್ಕೆಂದು ಸೋಲಾಪುರಕ್ಕೆ ಬಂದ ಮೇಲೆ ಒಮ್ಮೆಯೂ ಅತ್ತ ಹೋಗಿರಲಿಲ್ಲ. ಹೋಗಬೇಡವೆಂದು ಯಾರೂ ಹೇಳಿರಲಿಲ್ಲ, ಯಾರೂ ಕರೆದೊಯ್ದಿರಲೂ ಇಲ್ಲ. ನಮ್ಮ ಸಮಾಜದ ಎಷ್ಟೋ ಕ್ರೌರ್ಯಗಳಿಗೆ ಬಾಯಿ ಇರುವುದಿಲ್ಲ. ಅವು ಸುಮ್ಮನೆ ಕುಳಿತು ಕಾಲ ಕಳೆಯುತ್ತವೆ. ಈಗ ಅತ್ತೆಯ ಎರಡು ಕಣ್ಣಿಗೂ ಪೊರೆ ಬರುತ್ತಿತ್ತು. ಅಕ್ಕಿಯಲ್ಲಿನ ಕಲ್ಲು ಕಾಣುತ್ತಿರಲಿಲ್ಲ, ದೀಪದ ಸುತ್ತ ಮಂಜು ಕಾಣುತ್ತಿತ್ತು. ಮೋಟಾರಿನ ಮಾತು ಕಿವಿಗೆ ಬಿದ್ದ ದಿನ ಅವಳು ಹೇಳಿದ್ದು ಇಷ್ಟೇ: "ನನಗ ಹೊಳಿ ತೋರ್ಸು. ಕಣ್ಣ ಇರೂತನಾ ಒಮ್ಮಿ ನೋಡ್ತೀನಿ. ಆದ್ರ ಇವನ್ನ ಬಿಟ್ಟು ನಾ ಬರೂದಿಲ್ಲ."

ಇವ ಎಂದರೆ ನಾಯಿ. ಹುಲಜಂತಿಯ ಕಡೆಯ ಕುರುಬರು ಮಂದೆ ಹೊಡೆದುಕೊಂಡು ಹೋಗುವಾಗ ಕಾಲು ಮುರಿದ ಕರಿಯ ಮರಿಯೊಂದನ್ನು ನಮ್ಮ ಗೋದಾಮಿನ ಬಾಗಿಲಲ್ಲಿ ಬಿಟ್ಟುಹೋಗಿದ್ದರು. ಅತ್ತೆ ಅದರ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿ, ತನ್ನ ಪಾಲಿನ ಹಾಲು ಕುಡಿಸಿ, ಅದನ್ನು ಕರುವಿನಷ್ಟು ದೊಡ್ಡದು ಮಾಡಿದ್ದಳು. ಮೈತುಂಬ ಕೂದಲು, ಗುಡುಗಿನಂಥ ದನಿ. ನಮ್ಮ ಎತ್ತುಗಳು ಅದನ್ನು ಕಂಡರೆ ನೊಗ ಕೊಡವಿ ಓಡುತ್ತಿದ್ದುದರಿಂದ ಬಂಡಿಯ ಪ್ರಯಾಣ ಸಾಧ್ಯವಿರಲಿಲ್ಲ. ಅದಕ್ಕೆ ಅವಳು ಹೆಸರಿಟ್ಟಿರಲಿಲ್ಲ. ಗರತಿಯರು ಗಂಡನ ಸುದ್ದಿ ಹೇಳುವ ದನಿಯಲ್ಲೇ "ಇವ ಉಂಡ, ಇವ ಮಲಗ್ಯಾನ" ಎನ್ನುತ್ತಿದ್ದಳು. ಇದು ತಂದೆಗೆ ಮುಜುಗರ. "ಅಕ್ಕಾ, ಅದಕ್ಕೊಂದು ಹೆಸರರ ಇಡು, ಮಂದಿ ನಗ್ತಾರ" ಎಂದರೆ ಅವಳ ಉತ್ತರ ಸಿದ್ಧವಾಗಿತ್ತು:

"ಹೆಸರ ಹಿಡದ ಕರದ್ರ ಆಯುಷ್ಯ ಕಮ್ಮಿ ಆಗ್ತದಂತ ನಮ್ಮವ್ವನೇ ಹೇಳ್ತಿದ್ಲು. ಮದಿವ್ಯಾಗ ಒಮ್ಮಿ ಒಡಪ ಹಾಕಿ ಒಬ್ಬಂವಂದು ಹೆಸರ ಹೇಳೀನಿ. ಅಂವ ಹ್ವಾದ. ಇವನರ ಇರಲಿ."

ಸರ್ವಿಸ್ ಮೋಟಾರುಗಳು, ಎಂದರೆ ಹಳ್ಳಿಗಳಿಗೆ ಜನರನ್ನು ಒಯ್ಯುವ ಬಾಡಿಗೆಯ ಬಸ್ಸುಗಳು, ಆಗಲೇ ಓಡಾಡುತ್ತಿದ್ದವು. ಅವುಗಳಲ್ಲಿ ನಾಯಿಗೆ ಜಾಗವಿಲ್ಲ. ಬೆಳಗಿನ ಮೊದಲ ಗಾಡಿಗೆ ವಿಧವೆ ಮೊದಲು ಹತ್ತುವಂತಿಲ್ಲ. ಊರ ಹೊರಗಿನವರೆಂದು ಹೆಸರಿಟ್ಟವರಿಗೆ ಜಾಗವಿದ್ದರೂ ಜಾಗವಿಲ್ಲ. ಆ ಗಾಡಿಗಳಲ್ಲಿ ಯಾರು ಕೂಡುತ್ತಿದ್ದರೆಂಬುದೇ ನನಗೊಂದು ಆಶ್ಚರ್ಯ. ಹಾಗಾಗಿ ನಮ್ಮದೇ ಗಾಡಿ ಬೇಕಿತ್ತು, ಅದೂ ಕರುವಿನಷ್ಟು ನಾಯಿ ಕಾಲು ಚಾಚುವಷ್ಟು ದೊಡ್ಡದು.

ಗಾಡಿ ಆರಿಸಲು ತಂದೆ ಒಬ್ಬ ಚಾಲಕರನ್ನು ಗೊತ್ತುಮಾಡಿದರು. ಸರ್ವಿಸ್ ಮೋಟಾರು ಓಡಿಸಿ ಓಡಿಸಿ ಬೇಸತ್ತು ಮನೆಯಲ್ಲಿ ಕುಳಿತಿದ್ದ ಮುಸಲ್ಮಾನ ಹಿರಿಯರು. ನಾವು ಚಾಚಾ ಎನ್ನುತ್ತಿದ್ದೆವು. ಲೋಕದ ಎಲ್ಲ ಯಂತ್ರಗಳ ಗುಟ್ಟೂ ತಮಗೆ ಗೊತ್ತೆಂಬ ಭರವಸೆ ಅವರಿಗಿತ್ತು. ಆ ಭರವಸೆಯ ಮೇಲೆ ಹೊರಟು ಅರ್ಧ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳ ಕಥೆಗಳನ್ನೂ ಅವರು ಅಷ್ಟೇ ಹೆಮ್ಮೆಯಿಂದ ಹೇಳುತ್ತಿದ್ದರು. ಗಾಲಿಗೆ ಒದೆಯುವುದು, ಬಾನೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚುವುದು, ಗುಂಡಿಗೆ ಗಟ್ಟಿಯಿದ್ದರೆ "ಕಲೇಜಾ ಮಜಬೂತ ಅದ" ಎಂದೋ ಉಬ್ಬಸವಿದ್ದರೆ "ಇದಕ್ಕ ದಮ್ಮಾ ಅದ" ಎಂದೋ ತೀರ್ಪು ಕೊಡುವುದು, ಇದು ಅವರ ಪರೀಕ್ಷೆ.

ಮೊದಲು ಹೋದದ್ದು ಅಕ್ಕಲಕೋಟಕ್ಕೆ. ಅಲ್ಲಿಯ ಒಬ್ಬ ಇನಾಮದಾರರು ತಮ್ಮ ಹಳೆಯ ಕಾರನ್ನು ಮಾರಲಿದ್ದಾರೆಂದು ಸುದ್ದಿಯಿತ್ತು. ನಾನೂ ಚಾಚಾನೂ ರೈಲಿನಲ್ಲಿ ಹೋಗಿ, ಸ್ಟೇಶನ್ನಿನಿಂದ ಟಾಂಗಾ ಹಿಡಿದು ಅವರ ಕೋಟೆಯಂಥ ಮನೆ, ವಾಡೆ, ಸೇರಿದೆವು. ಕಾರು ಭವ್ಯವಾಗಿತ್ತು. ಕೆಂಪು ಚರ್ಮದ ಆಸನಗಳು, ಹಿತ್ತಾಳೆಯ ದೀಪಗಳು, ಹಿಂದಿನ ಆಸನದ ಉದ್ದ ನಮ್ಮ ನಾಯಿಗೆ ಅಳತೆ ತೆಗೆದು ಮಾಡಿಸಿದಂತಿತ್ತು. ಇನಾಮದಾರರ ಕಾರಭಾರಿ ಅದನ್ನೇ ಮುಂದಿಟ್ಟ.

"ನಾಯಿ ಕೂಡಸ್ಲಿಕ್ಕಿ ಇದರಷ್ಟ ಚಲೋ ಗಾಡಿ ಸಿಗೂದಿಲ್ರಿ ಬಾಯಿಸಾಹೇಬ. ನಮ್ಮ ಧಣ್ಯಾರ ಬ್ಯಾಟಿ ನಾಯಿ ಎಲ್ಲಾ ಇದರಾಗ ಹಿಂದ ಕೂಡ್ತಿದ್ವು. ಗೌಡರು, ಕುಲಕರ್ಣಿ ಹೊರಗ ಪಾವಟಗಿ ಮ್ಯಾಲ ನಿಂತು ಬರ್ತಿದ್ರು."

"ಪೆಟ್ರೋಲ್ ಎಷ್ಟು ಕುಡೀತದ?" ಎಂದು ಚಾಚಾ ಕೇಳಿದರು.

ಕಾರಭಾರಿ ನಕ್ಕ. "ಪೆಟ್ರೋಲಿಂದ ಏನ ಕಾಳಜಿ? ತೀರಿತಂದ್ರ ಹಳ್ಳಿ ಮಂದಿ ಅದಾರಲ್ಲ, ದಬ್ಬತಾರ. ಈ ಗಾಡಿ ಪೆಟ್ರೋಲಿಗಿಂತ ಮಂದಿ ಮ್ಯಾಲನ ಜಾಸ್ತಿ ಓಡೇದ್ರಿ."

ಅವನು ಗಾಡಿಯ ಗುಣವೆಂದು ಹೇಳಿದ್ದು ನನಗೆ ಅದರ ಅಪರಾಧಪಟ್ಟಿಯಾಗಿ ಕೇಳಿಸಿತು. ಬಿಟ್ಟಿ ದುಡಿಮೆ ಎಂಬುದು ಏನು, ಅದು ಏಕೆ ಕಳ್ಳತನ, ಉಳುವವನ ಬೆನ್ನನ್ನು ಇಂಜಿನ್ನಿಗೆ ಬದಲಾಗಿ ಬಳಸುವವನನ್ನು ಏನೆಂದು ಕರೆಯಬೇಕು ಎಂಬುದನ್ನು ನಾನು ವಾಡೆಯ ಅಂಗಳದಲ್ಲೇ ವಿವರಿಸಿದೆ. ಕಾರಭಾರಿ ಕೈಕಟ್ಟಿ ಪೂರ್ತಿ ಕೇಳಿ, "ಭಾಳ ಚಲೋ ಹೇಳಿದ್ರಿ. ಚಾ ತಗೋತೀರೇನು?" ಎಂದ. ಚಾಚಾ ತಗೊಂಡರು. ನಾನು ತಗೊಳ್ಳಲಿಲ್ಲ. ಕಾರನ್ನೂ ತಗೊಳ್ಳಲಿಲ್ಲ.

ಎರಡನೆಯದು ಸೋಲಾಪುರದಲ್ಲೇ ಇದ್ದ ಒಂದು ಹಳೆಯ ಸರ್ವಿಸ್ ಮೋಟಾರು. ಕಟ್ಟಿಗೆಯ ಮೈ, ತಂತಿಜಾಳಿಗೆಯ ಕಿಟಕಿ, ಒಳಗೆ ಕೂಡಲು ಉದ್ದುದ್ದ ಬಾಕುಗಳು. ಈ ಸಲ ಅತ್ತೆಯೂ ನಾಯಿಯೂ ಬಂದಿದ್ದರು. ಅತ್ತೆ ತನ್ನ ಕೈಯಿಂದ ಬಾಕುಗಳನ್ನು ಸವರಿ ನೋಡಿದಳು, ನಾಯಿ ಮೂಗಿನಿಂದ ನೋಡಿತು. ಇಬ್ಬರಿಗೂ ಒಪ್ಪಿತ್ತು. ಆಗ ಅದರ ಮಾಲಿಕ, ಮಿಕ್ಕೆಲ್ಲವುಗಳಿಂದ ಒಂದು ಹಲಗೆಯ ತಡೆಯಿಂದ ಬೇರ್ಪಟ್ಟಿದ್ದ ಹಿಂದಿನ ತುಂಡು ಬಾಕನ್ನು ತೋರಿಸಿ, "ನಾಯಿಗೆ ಈ ಜಾಗಾ ಬರೋಬರ ಆಗ್ತದ. ಇಲ್ಲಿ ನಾವು 'ಆ ಮಂದಿನ್ನ' ಕೂಡಸ್ತಿದ್ವಿ" ಎಂದ.

ಮನುಷ್ಯರನ್ನು ಕೂರಿಸಿದ ಜಾಗವನ್ನು, ಬದಲಿಸಬೇಕಾದದ್ದೇನೂ ಇಲ್ಲವೆಂಬ ನೆಮ್ಮದಿಯಲ್ಲಿ, ಅವನು ನಾಯಿಗೆ ಕೊಡುತ್ತಿದ್ದ. ನನ್ನ ಸಿಟ್ಟಿಗೆ ಶಬ್ದ ಸಿಕ್ಕಿತು. ಸಿಕ್ಕ ಮೇಲೆ ನಿಲ್ಲಲಿಲ್ಲ. ಮಾಲಿಕ ನನ್ನ ಮಾತು ಮುಗಿಯುವ ಮೊದಲೇ ತನ್ನ ಗಾಡಿಯ ಬಾಗಿಲು ಹಾಕಿಕೊಂಡು ಹೋದ. ದಾರಿಯಲ್ಲಿ ಚಾಚಾ, "ಬೇಟಿ, ಗಾಡಿದು ಇಂಜಿನ ನೋಡಬೇಕು. ಅದರ ಪಾಪ ನೋಡಕೋತ ಕೂತ್ರ ಕಾಲ್ನಡಿಗಿಲೆ ತಿರಗಬೇಕಾಗ್ತದ" ಎಂದರು.

"ಆ ತಡೆ ಕಿತ್ತು ಒಗದಿದ್ರ ಆಗ್ತಿತ್ತಲ್ಲ?" ಎಂದಳು ಅತ್ತೆ.

"ತಡೆ ಗಾಡ್ಯಾಗಿಲ್ಲ ಅತ್ತಿ, ಅಂವನ ತಲಿಯಾಗ ಅದ."

"ತಲಿ ನಾವೇನ ಖರೀದಿ ಮಾಡಾಕತ್ತೇವೇನ? ನಿನಗ ಬೇಕಾದದ್ದು ಮೋಟಾರೋ, ಸಂನ್ಯಾಸಿನೋ?" ಅವಳು ನಿಂತು, ನನ್ನ ಮುಖ ಕಾಣಿಸಲೆಂದು ಕಣ್ಣು ಕಿರಿದು ಮಾಡಿದಳು. "ನಿನ್ನ ಸುಧಾರಣಾ ಮುಗಿಯೂದ್ರಾಗ ನನ್ನ ಕಣ್ಣ ಮುಗೀತಾವ, ಹುಡಿಗಿ."

ಆದರೂ ಆ ಬಾಕನ್ನು ಮಾರುವವನಿಗೆ ಹಣ ಕೊಡುವುದು ಸರಿಯೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಮೂರನೆಯದನ್ನು ಚಾಚಾ ಹುಡುಕಿದರು. ಸಾಂಗಲಿಯಿಂದ ಅರಿಶಿನ ತರಿಸಿ ಮಾರುವ ಅಡತಿ ವ್ಯಾಪಾರಿಯೊಬ್ಬರ ಲಾರಿ. ನಾವು ಅವರ ಅಂಗಳಕ್ಕೆ ಹೋದದ್ದು ಒಂದು ರವಿವಾರ ಬೆಳಿಗ್ಗೆ. ಉದ್ದ ಮೂಗಿನ, ಕಟ್ಟಿಗೆಯ ಒಡಲಿನ, ಮೇಲೆ ಕ್ಯಾನ್ವಾಸಿನ ಹೊದಿಕೆಯಿದ್ದ ಗಾಡಿ. ಹಲಗೆಗಳ ಸಂದುಸಂದಿನಲ್ಲಿ ಅರಿಶಿನ ಕೂತು ಇಡೀ ಲಾರಿ ಹಳದಿಯಾಗಿತ್ತು. ಒಂದು ಸಂಸಾರವೇ ಹಾಸಿಕೊಂಡು ಮಲಗುವಷ್ಟು ಜಾಗ. ಚಾಚಾ ಗಾಲಿಗೆ ಒದ್ದರು, ಕಿವಿಯಿಟ್ಟರು, ಹ್ಯಾಂಡಲ್ ತಿರುವಿದರು. ಇಂಜಿನ್ ಕೆಮ್ಮಿ, ಅವರಿಗೇ ಆಶ್ಚರ್ಯವಾಗುವಂತೆ, ನಡೆಯಿತು. "ಕಲೇಜಾ ಮಜಬೂತ" ಎಂಬ ತೀರ್ಪು ಬಂತು.

ವ್ಯಾಪಾರಿ ಹಣೆತುಂಬ ಅರಿಶಿನ ಬಳಿದುಕೊಂಡ ದಪ್ಪ, ನಗುಮುಖದ ಮನುಷ್ಯ. ಖಂಡೋಬನೆಂದೂ ಮಲ್ಲಯ್ಯನೆಂದೂ ನಮ್ಮ ಕಡೆ ಕರೆಯುವ ದೇವರ ಭಕ್ತ. ಆ ದೇವರಿಗೆ ಅರಿಶಿನದ ಪುಡಿಯೇ ಪ್ರಸಾದ, ಅದನ್ನು ಭಂಡಾರವೆನ್ನುತ್ತಾರೆ. ನಾಯಿ ಅವನ ಬೆನ್ನ ಹಿಂದೆ ನಡೆಯುವ ಪ್ರಾಣಿ, ರವಿವಾರ ಅವನ ವಾರ. ಆದ್ದರಿಂದ ಅಂದು ಅಂಗಳದಲ್ಲಿ ನಮ್ಮ ನಾಯಿಗೆ ನಮಗಿಂತ ಒಳ್ಳೆಯ ಸ್ವಾಗತ ದೊರೆಯಿತು. ಇಷ್ಟು ಸಜ್ಜನರಲ್ಲಿ ಅನ್ಯಾಯವೇನಿರಬಹುದೆಂದು ನಾನು ಸುತ್ತ ನೋಡಿದೆ. ಅದು ದೂರವಿರಲಿಲ್ಲ. ಮೂಲೆಯಲ್ಲಿ ಅರಿಶಿನದ ಕೊಂಬು ಆರಿಸುತ್ತಿದ್ದ ಹೆಂಗಸರಿಗೆ ಗಂಡಸರ ಅರ್ಧ ಕೂಲಿಯೆಂದು ಕೇಳಿ ತಿಳಿದು, ವ್ಯಾಪಾರಿಯೆದುರು ಅದನ್ನೇ ಎತ್ತಿ ಆಡಿದೆ.

"ಬಾಯಿಯವರ, ನೀವು ಲಾರಿ ತಗೊಳ್ಳಿಕ್ಕಿ ಬಂದೀರೋ, ನನ್ನ ರಿಪೇರಿ ಮಾಡ್ಲಿಕ್ಕಿ ಬಂದೀರೋ?" ಎಂದು ಅವರು ನಕ್ಕರು. ಅತ್ತೆ ನನ್ನ ಸೊಂಟವನ್ನು ಜೋರಾಗಿ ಚಿವುಟಿದಳು. ನಾನು ಕೂಲಿಯ ವಿಷಯವನ್ನು ಮುಂದಿನ ಭೇಟಿಗೆ ಇಟ್ಟುಕೊಂಡೆ. ಆ ಭೇಟಿಗೆ ನಾನು ಹೋದೆನೆಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅವರೂ ಅದನ್ನು ಮರೆತಿರಲಾರರು.

ಮಾತುಕತೆ ಮುಗಿದಂತಾಯಿತು. ಅತ್ತೆ ನಾಯಿಯನ್ನು ಕರೆದುಕೊಂಡು ಲಾರಿಯ ಹಿಂಬಾಗಿಲಿನತ್ತ ನಡೆದಳು. ಆಗ ವ್ಯಾಪಾರಿ ಓಡಿಬಂದು ಅವಳೆದುರು ಕೈಮುಗಿದು ನಿಂತರು.

"ಅವ್ವಾರ, ತಪ್ಪ ತಿಳಿಬ್ಯಾಡ್ರಿ. ಮಾರಿದ ಗಾಡಿ ನಮ್ಮ ಅಂಗಳ ಬಿಡೂ ಮುಂದ ಮೊದಲನೇ ಕಾಲು ಮುತ್ತೈದಿದು ಇಲ್ಲಾ ಕನ್ಯಾದು ಇರಬೇಕು. ಇಲ್ಲಂದ್ರ ಗಾಡಿ ಸಂಗಾಟ ನಮ್ಮ ಲಕ್ಷ್ಮಿನೂ ಹೋಗ್ತಾಳ. ಈ ಬಾಯಿಯವರು ಮೊದಲ ಹತ್ತಲಿ. ಆಮ್ಯಾಲ ನೀವು ಹಿಂದಿಂದ..."

"ನಾ ಹತ್ತೂದಿಲ್ರಿ," ಎಂದೆ. "ನಮ್ಮ ಅತ್ತಿ ಹತ್ತಿದ ಮ್ಯಾಲನ ನಾ ಹತ್ತಾಕಿ."

"ಹಂಗಾದ್ರ ಗಾಡಿ ಇಲ್ಲೇ ಇರಲಿ ಬಿಡ್ರಿ," ಎಂದರು ಅವರು, ಸಿಟ್ಟಿಲ್ಲದೆ, ನಿಜವಾದ ದುಃಖದಿಂದ.

ಕಟ್ಟಳೆಗೆ ಕಟ್ಟಳೆ ಎದುರಾಗಿ ನಿಂತಿತು. ನಾನು ಒಂದು ಹೆಜ್ಜೆ ಎತ್ತಿಟ್ಟಿದ್ದರೆ ಅತ್ತೆ ಅಂದೇ ನದಿ ನೋಡುತ್ತಿದ್ದಳು. ಆದರೆ ಅಂಥ ಒಂದೊಂದು ಹೆಜ್ಜೆಯಿಂದಲೇ ಅವಳ ಇಡೀ ಬದುಕನ್ನು ಹಿಂದಿನ ಕೋಣೆಗೆ ತಳ್ಳಲಾಗಿತ್ತು. ಮೊದಲು ಬೇರೆಯವರು, ಆಮೇಲೆ ನೀನು. ಆಮೇಲೆ ಎಂಬುದು ಬರುವುದೇ ಇಲ್ಲ. ನಾನು ಇದನ್ನೇ ವ್ಯಾಪಾರಿಗೆ ಹೇಳತೊಡಗಿದೆ. ಒಬ್ಬ ಹುಡುಗನ ಸಾವಿಗೆ ಒಬ್ಬ ಹುಡುಗಿ ಹೇಗೆ ಹೊಣೆಯೆಂದು ಕೇಳಿದೆ. ಹೆಂಡತಿ ಸತ್ತ ಗಂಡಸರು ಹತ್ತಿದ ಗಾಡಿಗಳೆಲ್ಲ ಏಕೆ ಉರುಳಿ ಬೀಳುವುದಿಲ್ಲವೆಂದು ಕೇಳಿದೆ. ಕೊಂಬು ಆರಿಸುವ ಹೆಂಗಸರು ಕೈ ನಿಲ್ಲಿಸಿ ಕೇಳತೊಡಗಿದರು. ವ್ಯಾಪಾರಿ ತಲೆ ತಗ್ಗಿಸಿದ್ದರು. ಚಾಚಾ ಆಕಾಶ ನೋಡುತ್ತಿದ್ದರು. ಯಾರೂ ಅತ್ತೆಯನ್ನು ನೋಡುತ್ತಿರಲಿಲ್ಲ.

ಇದ್ದಕ್ಕಿದ್ದಂತೆ ಒಬ್ಬ ಹೆಂಗಸು "ಅಯ್ಯ ನಮ್ಮಪ್ಪಾ!" ಎಂದು ಕೂಗಿದಳು. ತಿರುಗಿ ನೋಡಿದರೆ ನಮ್ಮ ಕರಿಯ ನಾಯಿ ಮೂತಿಯಿಂದ ಬಾಲದವರೆಗೆ ಹಳದಿಯಾಗಿ, ಲಾರಿಯ ಮೇಲೆ ನಿಂತಿತ್ತು. ಮೈ ಕೊಡವಿದಾಗ ಅದರ ಸುತ್ತ ಅರಿಶಿನದ ಮೋಡವೆದ್ದಿತು. ಬೆಳಗಿನ ಬಿಸಿಲು ಆ ಮೋಡದೊಳಗೆ ತೂರಿತ್ತು. ಹಿಂಬಾಗಿಲ ಪಕ್ಕದಲ್ಲಿ, ನೆಲ ಬಳಿದು ಕೂಡಿಟ್ಟ ಅರಿಶಿನದ ರಾಶಿಯ ಬಳಿ, ಅತ್ತೆ ಸೆರಗಿನೊಳಗೆ ಕೈಯಿಟ್ಟುಕೊಂಡು, ಏನೂ ತಿಳಿಯದವಳಂತೆ ನಿಂತಿದ್ದಳು.

"ಯೇಳಕೋಟ ಯೇಳಕೋಟ ಜಯ ಮಲ್ಹಾರ!" ಎಂದು ತಮ್ಮ ದೇವರ ಜಯಘೋಷ ಹಾಕಿ ವ್ಯಾಪಾರಿ ನೆಲಕ್ಕೆ ಹಣೆ ಹಚ್ಚಿದರು. ಹೆಂಗಸರೂ ಬಾಗಿದರು. ನಾಯಿ ಸೀನಿತು. ಹೊರಡುವಾಗಿನ ಸೀನು ಅಪಶಕುನ. ಅದೇ ಸೀನು ಅತ್ತೆಯ ಮೂಗಿನಿಂದ ಬಂದಿದ್ದರೆ ಅಂಗಳ ತೊಳೆಸುತ್ತಿದ್ದರು. ನಾಯಿಯದನ್ನು ವ್ಯಾಪಾರಿ ಆಶೀರ್ವಾದವೆಂದರು. ಅದು ಮತ್ತೆ ಮತ್ತೆ ಸೀನಿತು, ಅವರು ಮತ್ತೆ ಮತ್ತೆ ಕೈಮುಗಿದರು.

"ರವಿವಾರ ದಿನಾ ಮಲ್ಲಯ್ಯನ ನಾಯಿ ತಾನ ಭಂಡಾರದಾಗ ಹೊರಳಾಡಿ ಗಾಡಿ ಏರೇದ. ಅದರ ಕಾಲೇ ಮೊದಲನೇ ಕಾಲು. ಇನ್ನ ಯಾರ ಹತ್ತಿದ್ರೂ ದೋಷ ಇಲ್ಲ. ಹತ್ತರಿ ಅವ್ವಾರ, ಹತ್ತರಿ."

ಅತ್ತೆ ಹತ್ತಿದಳು. ನಾನು ಕೆಳಗೆ ನಿಂತು, ಸತ್ಯವನ್ನು ಹಾಗೆಯೇ ಬಿಡಲಾರದೆ, "ಸಾವಕಾರ್ರ, ಇದು ಸಾದಾ ನಾಯಿರಿ. ಕುರುಬರು ಬಿಟ್ಟು ಹೋದದ್ದು. ಮೈಮ್ಯಾಲಿಂದು ನಿಮ್ಮ ಅಂಗಳದ ಕಸ" ಎಂದೆ.

ಅವರು ಕಣ್ಣರಳಿಸಿ ನನ್ನನ್ನು ನೋಡಿದರು. "ನಾಯಿ ಅಲ್ಲಂತ ನಾ ಯಾವಾಗ ಅಂದೀನ್ರಿ?"

ಮೇಲಿನಿಂದ ಅತ್ತೆ ಬಗ್ಗಿ, ಹಲ್ಲಿನ ಸಂದಿನಿಂದ ಹೇಳಿದಳು: "ಬಾಯಿ ಮುಚ್ಚಿ ಹತ್ತು. ಇಷ್ಟ ವರ್ಷಕ್ಕ ಒಮ್ಮಿ ಅವರ ದೇವರು ನನ್ನ ಕೆಲಸಕ್ಕ ಬಂದಾನ."

ಹತ್ತಿದೆ. ಅವಳ ನಂತರ.

ಅಲ್ಲಿಂದ ನೇರ ಕಂದಲಗಾಂವದ ಮೇಲೆ ಹಾದು ಭಂಡಾರಕವಠೆಗೆ ಹೋಗುವುದೆಂದು ನಿರ್ಧರಿಸಿದ್ದೆವು. ಅಂದಿನ ರಸ್ತೆ ರಸ್ತೆಯೆಂಬ ಹೆಸರಿಗೆ ಅನ್ಯಾಯ. ಲೋಕಲ್ ಬೋರ್ಡಿನವರು ತೆರಿಗೆ ಎತ್ತುವಾಗ ಮಾತ್ರ ಅದು ನಕಾಶೆಯಲ್ಲಿ ಕಾಣುತ್ತಿತ್ತು. ಚಾಚಾ ಪ್ರತಿ ಗುಂಡಿಗೂ ಒಂದೊಂದು ಬೈಗುಳ ಮೀಸಲಿಟ್ಟಿದ್ದರು. ನಾಯಿ ಲಾರಿಯ ಹಿಂಭಾಗದಲ್ಲಿ ಮುಂಗಾಲುಗಳನ್ನು ಹಲಗೆಯ ಮೇಲಿಟ್ಟು ನಿಂತು, ಗಾಳಿಗೆ ಬಾಯಿ ತೆರೆದು, ಹಿಂದೆ ಸರಿಯುವ ಲೋಕವನ್ನೆಲ್ಲ ತನ್ನ ಜಮೀನೆಂಬಂತೆ ನೋಡುತ್ತಿತ್ತು. ಜೋಳದ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ಹಳದಿ ನಾಯಿಯನ್ನು ಕಂಡು ಕೈ ಎತ್ತಿ ಮುಗಿಯುತ್ತಿದ್ದರು. ಅತ್ತೆ ಲಾರಿಯ ನಡುವೆ ಗೋಣಿತಾಟಿನ ಮೇಲೆ ಕುಳಿತು, "ಈಗೇನ ಕಾಣಾಕತ್ತದ? ಬೇವಿನ ಗಿಡಾ? ಇನ್ನ ಎಷ್ಟ ದೂರದ?" ಎಂದು ಕೇಳುತ್ತಲೇ ಇದ್ದಳು. ಕೈಗಳನ್ನು ಮಾತ್ರ ಸೆರಗಿನಿಂದ ಹೊರಗೆ ತೆಗೆಯಲಿಲ್ಲ. ಚಳಿಯೇನೋ ಅಂದುಕೊಂಡೆ.

ಕಂದಲಗಾಂವದಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದೆವು. ಕ್ಷಣದಲ್ಲಿ ಊರು ನೆರೆಯಿತು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಸಭೆ ಅದುವರೆಗೆ ಸಿಕ್ಕಿರಲಿಲ್ಲ. ಸಿಕ್ಕ ಸಭೆಯನ್ನು ಬಿಡುವವಳಲ್ಲ ನಾನು. ಲಾರಿಯ ಮೇಲೆ ನಿಂತು ಮೂಢನಂಬಿಕೆಯ ವಿರುದ್ಧ ಮಾತನಾಡಿದೆ. ಕಲ್ಲಿಗೂ ಪ್ರಾಣಿಗೂ ಅಡ್ಡಬೀಳುವುದರ ಬಗ್ಗೆ ಹೇಳುವಾಗ ಜನ ಭಕ್ತಿಯಿಂದ ತಲೆದೂಗುತ್ತಿದ್ದರು. ಅವರ ಕಣ್ಣು ನನ್ನ ಮೊಣಕಾಲಿನ ಪಕ್ಕದಲ್ಲಿದ್ದ ನಾಯಿಯ ಮೇಲಿತ್ತು. ನನ್ನ ಭಾಷಣ ಮುಗಿದಾಗ ಅದಕ್ಕೆ ಹಾಲು, ಬೆಲ್ಲ, ರೊಟ್ಟಿ ಬಂದವು.

ಒಬ್ಬ ಗೌಡತಿ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಲಾರಿ ಏರಿ ಬಂದಳು. ನಾಯಿಯ ಹಣೆಗೆ ಹಚ್ಚಿದಳು. ನನ್ನ ಹಣೆಗೆ ಹಚ್ಚಿದಳು. ಸ್ಟೀರಿಂಗಿನ ಚಕ್ರಕ್ಕೆ ಹಚ್ಚಿದಳು. ಚಾಚಾ ಬೇಡವೆನ್ನುವಷ್ಟರಲ್ಲಿ ಅವರ ಹಾರ್ನಿಗೂ ಹಚ್ಚಿದಳು. ಅತ್ತೆಯ ಬರಿಯ ಹಣೆ, ಬರಿಯ ಕುತ್ತಿಗೆ ನೋಡಿ ಬಟ್ಟಲನ್ನು ಸೆರಗಿನಿಂದ ಮುಚ್ಚಿ ಇಳಿದು ಹೋದಳು. ರಬ್ಬರಿನ ಹಾರ್ನಿಗೆ ಸಲ್ಲುವ ಮಂಗಳ ನನ್ನ ತಂದೆಯ ಒಡಹುಟ್ಟಿದವಳಿಗೆ ಸಲ್ಲುವುದಿಲ್ಲ. ನಾನು ಇಳಿದು ಆ ಹೆಂಗಸಿನ ಹಿಂದೆ ಹೋಗಲು ಎದ್ದೆ. ಅತ್ತೆ ಮೊಣಕೈಯಿಂದ ನನ್ನನ್ನು ತಡೆದಳು.

"ಕೂಡು. ಹೊಳಿ ದಾರಿಗೆ ಇನ್ನೊಂದ ಭಾಷಣ ಬ್ಯಾಡ."

"ಅತ್ತಿ, ಆಕಿ ನಿನಗ..."

"ನನಗ ಕೊಡಲಿಲ್ಲ, ಕಂಡೀನಿ. ಅಷ್ಟ ಕಣ್ಣ ಇನ್ನೂ ಅದಾವ." ಅವಳು ನಕ್ಕಳು. "ಆಕಿ ಕೊಟ್ರ ತಗೊಳ್ಳಿಕ್ಕಿ ನನ್ನ ಕೈ ಎಲ್ಲಿ ಖಾಲಿ ಅದಾವ?"

ಆ ಮಾತು ನನಗೆ ಅಲ್ಲಿ ತಿಳಿಯಲಿಲ್ಲ.

ಭಂಡಾರಕವಠೆ ಮುಟ್ಟಿದಾಗ ಹೊತ್ತು ಇಳಿಯತೊಡಗಿತ್ತು. ಚಾಚಾ ಲಾರಿಯನ್ನು ದಂಡೆಯ ಏರಿಯ ಮೇಲೆ ನಿಲ್ಲಿಸಿದರು. ಕೆಳಗೆ ಮರಳು, ಮರಳಿನ ನಡುವೆ ಕರಿಗಲ್ಲು, ಕಲ್ಲುಗಳನ್ನು ಸುತ್ತಿ ಭೀಮಾ. ಅತ್ತೆ ಯಾರ ಕೈಯನ್ನೂ ಹಿಡಿಯದೆ ಇಳಿದಳು. ಕಾಲಿಗೆ ದಾರಿ ಗೊತ್ತಿದ್ದಂತಿತ್ತು. ನಾಯಿ ಒಮ್ಮೆ ನೀರನ್ನು ನೋಡಿ, ಇದು ತನ್ನ ಕೆಲಸವಲ್ಲವೆಂದು, ತಿರುಗಿ ಹೋಗಿ ಲಾರಿಯ ಮುಂದಿನ ಆಸನವನ್ನು ಹತ್ತಿ ಚಾಚಾನ ಜಾಗದಲ್ಲಿ ನೆಟ್ಟಗೆ ಕುಳಿತಿತು. ಚಾಚಾ ಬೀಡಿ ಹಚ್ಚಿಕೊಂಡು ಊರಿನತ್ತ ಹೋದರು.

ನೀರಿನ ಅಂಚಿನಲ್ಲಿ ಅತ್ತೆ ಕುಕ್ಕರುಗಾಲಲ್ಲಿ ಕುಳಿತು ಸೆರಗಿನಿಂದ ಕೈ ತೆಗೆದಳು. ಎರಡೂ ಅಂಗೈ, ಬೆರಳ ಸಂದು, ಉಗುರು, ಮಣಿಕಟ್ಟು, ಎಲ್ಲ ಹಳದಿ.

"ಇವ ಹೊರಳಾಡಲಿಲ್ಲ," ಎಂದಳು. "ನಾಯಿಗೇನ ಗೊತ್ತು ಯಾವ ವಾರ ಯಾವ ದೇವರದಂತ? ನಾನ ಬೊಗಸಿ ತುಂಬಿ ತುಂಬಿ ಸುರದೆ. ನೀ ಅಲ್ಲಿ ಲೆಕ್ಚರ ಹೊಡ್ಯಾಕತ್ತಿದ್ದಿ. ಚಲೋ ಆತು. ಎಲ್ಲಾರೂ ನಿನ್ನ ಬಾಯಿ ನೋಡಾಕತ್ತಿದ್ರು."

"ಕೈಯಿಂದ?"

"ಮತ್ತ ಚಮಚದಿಂದೇನು?"

ಅವಳು ಅಂಗೈಯನ್ನು ಕಣ್ಣಿನ ಹತ್ತಿರ ಹಿಡಿದು, ಆ ಮಂಜಿನೊಳಗಿಂದ ತಿರುತಿರುಗಿಸಿ ನೋಡಿದಳು. ಆಮೇಲೆ ಎರಡೂ ಕೈಯನ್ನು ನೀರಿನಲ್ಲಿ ಅದ್ದಿ, ತೊಳೆಯುವ ಬದಲು, ಗರತಿಯರು ಮೀಯುವಾಗ ಮಾಡುವಂತೆ ಕೆನ್ನೆಗೆ, ಹಣೆಗೆ, ಕುತ್ತಿಗೆಗೆ ಉಜ್ಜಿಕೊಂಡಳು. ಅವಸರವಿರಲಿಲ್ಲ. ಕಿವಿಯ ಹಿಂದೆಯೂ ಹಚ್ಚಿಕೊಂಡಳು.

ತುಸು ದೂರದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಈ ಹೊಸಬಳನ್ನು, ಹಳದಿ ಮುಖವನ್ನು ನೋಡಿ ಕೈ ನಿಲ್ಲಿಸಿದಳು.

"ಯಾವೂರವ್ರಬೇ? ಯಾರ ಮನಿಯಾಕಿ ನೀ?"

ನನ್ನ ಬಾಯಿಗೆ ಉತ್ತರ ಬಂದಿತ್ತು. ಹೆಣ್ಣನ್ನು ಯಾರ ಮನೆಯವಳೆಂದೇ ಏಕೆ ಕೇಳಬೇಕೆಂಬ ಪ್ರಶ್ನೆಯೂ ಅದರ ಹಿಂದೆ ಸಿದ್ಧವಿತ್ತು. ಆದರೆ ಅತ್ತೆ ನನಗಿಂತ ಮೊದಲೇ ಸೆರಗನ್ನು ತಲೆಯ ಮೇಲೆಳೆದುಕೊಂಡು, ಹೊಸ ಮದುವಣಗಿತ್ತಿಯ ಹಾಗೆ ಮುಖ ತಗ್ಗಿಸಿದಳು.

"ಹೆಸರ ಹ್ಯಾಂಗ ಹೇಳಲಿ ಯವ್ವಾ? ಅಲ್ಲಿ ಕೂತಾರ ನೋಡು, ಮೋಟಾರದಾಗ."

ಹೆಂಗಸು ಬಿಸಿಲಿಗೆ ಕೈ ಅಡ್ಡ ಹಿಡಿದು ಏರಿಯತ್ತ ನೋಡಿದಳು. ಸೂರ್ಯ ಲಾರಿಯ ಹಿಂದಿದ್ದ. ಮುಂದಿನ ಆಸನದಲ್ಲಿ ದೊಡ್ಡ ತಲೆಯ, ಅಗಲ ಹೆಗಲಿನ ಆಕೃತಿಯೊಂದು ಅಲುಗಾಡದೆ ನದಿಯತ್ತ ಮುಖ ಮಾಡಿ ಕುಳಿತಿತ್ತು.

"ಭಾಳ ಗಂಭೀರ ಮನಷ್ಯಾ ಕಾಣಸ್ತಾರ," ಎಂದಳು ಹೆಂಗಸು, ಗೌರವದಿಂದ.

"ಹೌದವ್ವಾ. ಮಾತ ಕಮ್ಮಿ," ಎಂದಳು ಅತ್ತೆ. "ಆದ್ರ ಕಡಿಯೂದಿಲ್ಲ."

ಅಷ್ಟು ಹೇಳಿ ಸೀರೆಯನ್ನು ಕಚ್ಚೆಯಾಗಿ ಬಿಗಿದು, ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತ ಈಜಲೆಂದು ಆಳದ ಕಡೆಗೆ ನಡೆದಳು.